ಸೇತುವೆಯ ಎರಡು ತುದಿಗಳು: ಮೋಸ್ತಾರ್ ನಗರದ ಕಟ್ಟಡಗಳ ಒಂದು ದೇವಶಾಸ್ತ್ರೀಯ ವಿಮರ್ಶೆ

ನಮ್ಮ ಪ್ರಸಂಗಗಳಲ್ಲಿ ಸೇತುವೆಯಷ್ಟು ಸುಲಭವಾಗಿ ಒದಗಿಬರುವ ಉಪಮಾನ ಬೇರೊಂದಿಲ್ಲ. ಎರಡು ಬಂಡೆಗಳು, ನಡುವೆ ಆಳವಾದ ಕಮರಿ, ಕಮರಿಯ ಮೇಲೆ ಅಡ್ಡಲಾಗಿ ಮಲಗಿಸಿದ ಶಿಲುಬೆ: ಈ ಚಿತ್ರವನ್ನು ಭಾನುವಾರದ ಶಾಲೆಯ ಕರಿಹಲಗೆಯ ಮೇಲೆ ಒಮ್ಮೆಯಾದರೂ ಬರೆಯದ ಬೋಧಕರು ವಿರಳ. ದೇವರಿಗೂ ಮನುಷ್ಯನಿಗೂ ಇರುವ ಅಂತರವನ್ನು ತೋರಿಸಲು ಹುಟ್ಟಿದ ಆ ಚಿತ್ರವನ್ನು ಮನುಷ್ಯ ಮನುಷ್ಯರ ನಡುವಣ ಅಂತರಕ್ಕೂ ನಾವು ಎರವಲು ತಂದುಕೊಂಡಿದ್ದೇವೆ. ಸಂಧಾನದ ಮಾತು ಬಂದೊಡನೆ ಸೇತುವೆ ಕಟ್ಟೋಣ ಎನ್ನುತ್ತೇವೆ, ಸಭಿಕರು ತಲೆದೂಗುತ್ತಾರೆ. ಆ ಸೇತುವೆಯ ಎರಡು ತುದಿಗಳಲ್ಲಿ ಯಾರ ಮನೆಗಳಿವೆ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕೇಳದೆ ಅರ್ಥವಾಗದ ಒಂದು ನಗರವಿದೆ. ಬೋಸ್ನಿಯಾ ಹರ್ಜೆಗೊವಿನಾ ದೇಶದ ಮೋಸ್ತಾರ್‌ಗೆ ಅದರ ಹೆಸರು ಬಂದಿರುವುದೇ ಸೇತುವೆಯನ್ನು ಕಾಯುತ್ತಿದ್ದವರಿಂದ. ಮುಸ್ಲಿಮ್ ಬೋಸ್ನಿಯಾಕರು, ಕಥೋಲಿಕ ಕ್ರೊಯೇಟರು, ಆರ್ಥೊಡಾಕ್ಸ್ ಸರ್ಬರು ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಆ ನಗರವು 1992ರಿಂದ 1994ರವರೆಗಿನ ಯುದ್ಧದಲ್ಲಿ ಸೀಳಿಹೋಯಿತು. ಬಳಿಕ ಅದನ್ನು ಕೂಡಿಸುವ ಕಾರ್ಯವನ್ನು ಜಗತ್ತು ಬಹುಮಟ್ಟಿಗೆ ಕಲ್ಲುಗಾರೆಗೆ ಒಪ್ಪಿಸಿತು. ನಾನು ಆ ನಗರವನ್ನು ನಕ್ಷೆ, ಛಾಯಾಚಿತ್ರ ಹಾಗೂ ಗ್ರಂಥಗಳ ಮೂಲಕವಷ್ಟೇ ಬಲ್ಲೆ. ಆದರೂ ಅಲ್ಲಿನ ಕೆಲವು ಕಟ್ಟಡಗಳ ಮುಂದೆ ನಮ್ಮ ಸಂಧಾನದ ದೇವಶಾಸ್ತ್ರವನ್ನು ನಿಲ್ಲಿಸಿ ಪರೀಕ್ಷಿಸುವುದು ಸಾಧ್ಯವೆಂದೂ ಅಗತ್ಯವೆಂದೂ ನಂಬಿದ್ದೇನೆ. ಏಕೆಂದರೆ ಆ ಕಟ್ಟಡಗಳಲ್ಲಿ ಹೆಚ್ಚು ಎದ್ದು ಕಾಣುವ ಎರಡನ್ನು ನಿಲ್ಲಿಸಿದವರು ಕ್ರೈಸ್ತರು.

ಮೊದಲು ಸೇತುವೆ. ಸುಲ್ತಾನ್ ಸುಲೈಮಾನನ ಆಜ್ಞೆಯ ಮೇರೆಗೆ ಮಿಮಾರ್ ಹೈರುದ್ದೀನನು 1566ರಲ್ಲಿ ಕಟ್ಟಿ ಮುಗಿಸಿದ ಸ್ತಾರಿ ಮೋಸ್ತ್, ಎಂದರೆ ಹಳೆಯ ಸೇತುವೆ, ನೆರೆಟ್ವಾ ನದಿಯ ಮೇಲೆ ಒಂದೇ ಕಮಾನಿನಲ್ಲಿ ಸುಮಾರು 29 ಮೀಟರ್ ಹರಡಿಕೊಂಡಿದೆ. ಅಗಲ ನಾಲ್ಕೇ ಮೀಟರ್. ಬೇಸಿಗೆಯಲ್ಲಿ ನೀರಿನಿಂದ ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಅದರ ನೆತ್ತಿಯಿಂದ ಊರಿನ ಯುವಕರು ನದಿಗೆ ಧುಮುಕುವುದು ಹಳೆಯ ವಾಡಿಕೆ. 1993ರ ನವೆಂಬರ್ 9ರ ಬೆಳಿಗ್ಗೆ ಬೋಸ್ನಿಯಾದ ಕ್ರೊಯೇಟರ ಸೇನೆಯಾದ ಎಚ್‌ವಿಒದ ಟ್ಯಾಂಕ್ ಗುಂಡುಗಳಿಗೆ ಅದು ಕುಸಿದು ನದಿಗೆ ಬಿತ್ತು. ಅದು ಸೈನಿಕ ಗುರಿಯಾಗಿತ್ತೇ ಎಂಬ ವಾದ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯವರೆಗೆ ಹೋಯಿತು. 2017ರಲ್ಲಿ ಮೇಲ್ಮನವಿ ಪೀಠವು ಹೌದು ಎಂದಿತು. ನ್ಯಾಯಶಾಸ್ತ್ರದ ಆ ಉತ್ತರ ದೇವಶಾಸ್ತ್ರದ ಪ್ರಶ್ನೆಯನ್ನು ಮುಗಿಸುವುದಿಲ್ಲ. ಗುಂಡು ಹಾರಿಸಿದವರಲ್ಲಿ ಬಹುಪಾಲು ಜನ ದೀಕ್ಷಾಸ್ನಾನ ಹೊಂದಿದವರಾಗಿದ್ದರು ಎಂಬ ಸಂಗತಿ ಯಾವ ತೀರ್ಪಿನಿಂದಲೂ ಅಳಿಯುವಂಥದ್ದಲ್ಲ.

ಪುನರ್ನಿರ್ಮಾಣದ ಕಾರ್ಯ ಶ್ಲಾಘನೀಯವೆಂದು ಒಪ್ಪಲೇಬೇಕು. ಹಂಗೇರಿ ಸೇನೆಯ ಮುಳುಗುಗಾರರು ನದಿಯ ತಳದಿಂದ ಹಳೆಯ ಕಲ್ಲುಗಳನ್ನು ಮೇಲೆತ್ತಿದರು. ಬಹುತೇಕ ಕಲ್ಲುಗಳು ಮರುಬಳಕೆಗೆ ಯೋಗ್ಯವಾಗಿರಲಿಲ್ಲವಾದ್ದರಿಂದ ಆ ಸೀಮೆಯದೇ ಆದ ತೆನೆಲಿಯಾ ಕಲ್ಲನ್ನು ಹೊಸದಾಗಿ ಕಡಿದು, ಹಳೆಯ ಕ್ರಮದಲ್ಲಿಯೇ ಕಬ್ಬಿಣದ ಹಿಡಿಕೆಗಳನ್ನು ಜೋಡಿಸಿ, ಸೀಸ ಎರೆದು ಕಮಾನನ್ನು ಎಬ್ಬಿಸಲಾಯಿತು. ವಿಶ್ವಬ್ಯಾಂಕು, ಯುನೆಸ್ಕೋ, ಅಗಾ ಖಾನ್ ನಿಧಿ ಇವುಗಳೊಡನೆ ಟರ್ಕಿ, ಇಟಲಿ, ನೆದರ್‌ಲೆಂಡ್ಸ್ ಹಾಗೂ ಕ್ರೊಯೇಷಿಯಾ ದೇಶಗಳೂ ನೆರವಾದವು. 2004ರ ಜುಲೈ 23ರಂದು ಸೇತುವೆ ತೆರೆಯಿತು. ಮರುವರ್ಷ ಅದು ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಪಟ್ಟಿಗೆ ಸೇರಿಸಿದ ಆಧಾರವನ್ನು ಗಮನಿಸಬೇಕು. ನಿರ್ಮಾಣಕಲೆಯ ಅನನ್ಯತೆಗಾಗಿ ಅಲ್ಲ, ಯಾವ ಅರ್ಥವನ್ನು ಅದು ಸಂಕೇತಿಸುತ್ತದೆಯೋ ಆ ಒಂದೇ ಮಾನದಂಡದ ಮೇಲೆ ಅದನ್ನು ಸ್ವೀಕರಿಸಲಾಯಿತು. ಜಗತ್ತು ಕಲ್ಲನ್ನು ನೋಡಿ ಮೆಚ್ಚಿದ್ದಲ್ಲ, ಕಲ್ಲಿನಲ್ಲಿ ತಾನು ಓದಿದ ಪ್ರಸಂಗವನ್ನು ಮೆಚ್ಚಿತು.

ಆದರೆ ನಕ್ಷೆಯನ್ನು ಬಿಡಿಸಿ ನೋಡಿರಿ. ಯುದ್ಧದ ಗಡಿರೇಖೆ ನದಿಯ ಉದ್ದಕ್ಕೆ ಇರಲಿಲ್ಲ. ಅದು ನದಿಗೆ ಪಶ್ಚಿಮದಲ್ಲಿ, ಬುಲೆವಾರ್ ಎಂಬ ಅಗಲವಾದ ರಸ್ತೆಯ ಮೇಲೆ ಹಾದುಹೋಗಿತ್ತು. ನದಿಯ ಪೂರ್ವ ದಡವೂ, ಪಶ್ಚಿಮ ದಡದಲ್ಲಿ ನದಿಗೂ ಬುಲೆವಾರ್‌ಗೂ ನಡುವಿನ ಕಿರಿದಾದ ಪಟ್ಟಿಯೂ ಬೋಸ್ನಿಯಾಕರ ವಶದಲ್ಲಿದ್ದವು. ಕ್ರೊಯೇಟರ ನಗರವಿದ್ದುದು ಬುಲೆವಾರ್‌ನ ಆಚೆಗೆ. ಎಂದರೆ ಹಳೆಯ ಸೇತುವೆಯ ಎರಡು ತುದಿಗಳೂ ಒಂದೇ ಜನರ ಕಡೆಯಲ್ಲಿವೆ. ಜಗತ್ತಿನ ಕಣ್ಣಿಗೆ ಎರಡು ಸಮುದಾಯಗಳನ್ನು ಕೂಡಿಸುವ ಸೇತುವೆ, ಕಾಲಿನ ಲೆಕ್ಕದಲ್ಲಿ ಒಂದು ಸಮುದಾಯದ ಎರಡು ಬೀದಿಗಳನ್ನು ಕೂಡಿಸುತ್ತದೆ. ಗಾಯವಿದ್ದುದು ಒಂದೆಡೆ, ಔಷಧಿ ಹಚ್ಚಿದ್ದು ಕೆಲವು ನೂರು ಮೀಟರ್ ಆಚೆಗೆ.

ಸೇತುವೆಯನ್ನು ಕಟ್ಟಬಾರದಿತ್ತೆಂದು ನಾನು ಹೇಳುತ್ತಿಲ್ಲ. ತಮ್ಮ ಊರಿನ ಹೆಸರೇ ಆಗಿದ್ದುದನ್ನು ಕಳೆದುಕೊಂಡವರಿಗೆ ಅದನ್ನು ಹಿಂದಿರುಗಿಸುವುದು ನ್ಯಾಯ, ನ್ಯಾಯವಿಲ್ಲದೆ ಸಂಧಾನವಿಲ್ಲ. ನನ್ನ ತಕರಾರು ಇರುವುದು ಹಿಂದಿರುಗಿಸುವಿಕೆಗೆ ಸಂಧಾನವೆಂಬ ಹೆಸರಿಟ್ಟ ಬಗ್ಗೆ. ಆ ಹೆಸರು ಬಂದಮೇಲೆ ಕಾರ್ಯ ಮುಗಿದಂತೆ ಎಲ್ಲರಿಗೂ ಭಾಸವಾಯಿತು. ಸೇತುವೆ ತೆರೆದ ಬಳಿಕವೂ ನಗರದಲ್ಲಿ ಎರಡು ವಿಶ್ವವಿದ್ಯಾಲಯಗಳು ಉಳಿದವು. 2008ರ ನಂತರ 2020ರ ಡಿಸೆಂಬರ್‌ವರೆಗೆ ನಗರಸಭೆಗೆ ಚುನಾವಣೆಯೇ ನಡೆಯಲಿಲ್ಲ. ನಗರದ ಒಬ್ಬ ಮತದಾರಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿ 2019ರಲ್ಲಿ ಗೆದ್ದ ಮೇಲೆಯೇ ಅದಕ್ಕೆ ದಾರಿಯಾದದ್ದು. ಆ ಹನ್ನೆರಡು ವರ್ಷವೂ ಪ್ರವಾಸಿಗಳು ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಲೇ ಇದ್ದರು.

ಇನ್ನು ನಮ್ಮ ಮನೆಯ ವಿಷಯ. ಬುಲೆವಾರ್‌ಗೆ ಸಮೀಪದಲ್ಲಿಯೇ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಂತ ಪೇತ್ರ ಪೌಲರ ದೇವಾಲಯವಿದೆ. ಹತ್ತೊಂಬತ್ತನೆಯ ಶತಮಾನದ ಆ ದೇವಾಲಯ 1992ರಲ್ಲಿ ಯುಗೊಸ್ಲಾವ್ ಸೇನೆಯ ದಾಳಿಗೆ ಸಿಕ್ಕಿ ಹಾಳಾಯಿತು. ಇದನ್ನು ಮರೆತು ಮಾತನಾಡುವುದು ಅನ್ಯಾಯ. ಅದೇ ವರ್ಷ ಕಥೋಲಿಕ ಬಿಷಪರ ನಿವಾಸ ಉರಿದುಹೋಯಿತು. ಆರ್ಥೊಡಾಕ್ಸ್ ಸಭೆಯ ಪವಿತ್ರ ತ್ರಿತ್ವದ ಮಹಾದೇವಾಲಯವನ್ನು ಸಿಡಿಸಲಾಯಿತು. ಮಸೀದಿಗಳಿಗೂ ಅದೇ ಗತಿ ಬಂತು. ಪ್ರತಿಯೊಬ್ಬರ ಬಳಿಯೂ ತೋರಿಸಲು ಒಂದು ಗಾಯವಿದೆ. ಪುನಃ ಕಟ್ಟುವ ಹಕ್ಕು ಫ್ರಾನ್ಸಿಸ್ಕನರಿಗೆ ಖಂಡಿತವಾಗಿಯೂ ಇತ್ತು. ಆದರೆ ಪುನಃ ಕಟ್ಟುವಾಗ ಅವರು ಪಕ್ಕದಲ್ಲಿ ಎಬ್ಬಿಸಿದ ಗಂಟೆಗೋಪುರದ ಎತ್ತರ 107 ಮೀಟರ್. ನಗರದ ಯಾವ ಮಿನಾರೂ ಅದರ ಹತ್ತಿರಕ್ಕೆ ಬರುವುದಿಲ್ಲ. ಸೇತುವೆಯ ಕಮಾನಿನ ಹರವನ್ನು ಮೂರು ಸಲ ಅಳೆದರೂ ಗೋಪುರದ ಅಳತೆ ಮುಗಿಯದು. ಅದೇ ಕಾಲಕ್ಕೆ, 2000ದಲ್ಲಿ, ನಗರದ ಮೇಲಣ ಹೂಮ್ ಬೆಟ್ಟದ ನೆತ್ತಿಯಲ್ಲಿ 33 ಮೀಟರ್ ಎತ್ತರದ ಬಿಳಿಯ ಶಿಲುಬೆಯೊಂದು ನಿಂತಿತು. ಯುದ್ಧಕಾಲದಲ್ಲಿ ಪೂರ್ವ ಮೋಸ್ತಾರಿನ ಮೇಲೆ ಗುಂಡು ಸುರಿದದ್ದು ಆ ಬೆಟ್ಟದಿಂದ.

ಶಿಲುಬೆಯ ದೇವಶಾಸ್ತ್ರವನ್ನು ಬೋಧಿಸುವ ನಮಗೆ ಇದಕ್ಕಿಂತ ಕಠಿನವಾದ ಪಠ್ಯ ಸಿಕ್ಕದು. 33 ಎಂಬ ಸಂಖ್ಯೆ ಕರ್ತನ ಭೂಲೋಕದ ವರ್ಷಗಳನ್ನು ನೆನಪಿಸುತ್ತದೆ ಎಂದು ಭಕ್ತರು ಹೇಳಿಯಾರು. ಕೆಳಗಿನ ಮನೆಯ ವಿಧವೆಗೆ ಅದು ನೆನಪಿಸುವುದು ಬೇರೆ. ನಿಲ್ಲಿಸಿದವರ ಮನಸ್ಸಿನಲ್ಲಿ ದ್ವೇಷವಿತ್ತೆಂದು ನಾನು ಊಹಿಸಬೇಕಾಗಿಲ್ಲ. ಕೃತಜ್ಞತೆಯೇ ಇದ್ದಿರಬಹುದು, ಬದುಕುಳಿದವರ ಶೋಕವೇ ಇದ್ದಿರಬಹುದು. ಆದರೆ ಸಾರ್ವಜನಿಕ ಕಟ್ಟಡದ ಅರ್ಥವು ಕಟ್ಟಿದವನ ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ. ಅದನ್ನು ಪ್ರತಿ ಬೆಳಿಗ್ಗೆ ಕಿಟಕಿ ತೆರೆದಾಗ ನೋಡಲೇಬೇಕಾದವನ ಕಣ್ಣಿನಲ್ಲಿಯೂ ಇರುತ್ತದೆ. ಪುಸ್ತಕವನ್ನು ಮುಚ್ಚಿಡಬಹುದು, ಪ್ರಸಂಗದ ನಡುವೆ ಎದ್ದು ಹೋಗಬಹುದು. ಬೆಟ್ಟದ ಮೇಲಿನ ಶಿಲುಬೆಗೆ ಬೆನ್ನು ಮಾಡಿ ಬದುಕುವ ಸ್ವಾತಂತ್ರ್ಯ ಆ ಕಣಿವೆಯಲ್ಲಿರುವವರಿಗೆ ಇಲ್ಲ. ರೋಮಿನವರು ಶಿಲುಬೆಗಳನ್ನು ಎತ್ತರದಲ್ಲಿ, ಎಲ್ಲರಿಗೂ ಕಾಣುವಲ್ಲಿ ನೆಡುತ್ತಿದ್ದುದು ಏಕೆಂಬುದನ್ನು ನಾವು ಮರೆತಿರಬಹುದು, ಅವರು ಮರೆಯಲಾರರು.

ಕಟ್ಟಡವೊಂದು ವಿಶ್ವಾಸದ ಹೆಸರಿನಲ್ಲಿಯೇ ಜನರನ್ನು ವಿಭಾಗಿಸಬಲ್ಲದು ಎಂಬುದು ಸತ್ಯವೇದಕ್ಕೆ ಹೊಸ ಸಂಗತಿಯಲ್ಲ. ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಅನ್ಯಜನರು ದಾಟಬಾರದ ಒಂದು ತಡೆಗೋಡೆಯಿತ್ತು. ದಾಟಿದವನಿಗೆ ಮರಣವೆಂದು ಗ್ರೀಕ್ ಭಾಷೆಯಲ್ಲಿ ಎಚ್ಚರಿಸುವ ಕಲ್ಲಿನ ಫಲಕವೊಂದು 1871ರಲ್ಲಿ ದೊರೆತು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಪೌಲನು ಆ ಗೋಡೆಯ ಒಳಕ್ಕೆ ಎಫೆಸದ ತ್ರೊಫಿಮನನ್ನು ಕರೆತಂದನೆಂಬ ಗುಮಾನಿಯಿಂದಲೇ ಗಲಭೆ ಎದ್ದದ್ದು (ಅ.ಕೃ. 21:28-29). ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವು ಕ್ರಿಸ್ತನು ನಡುಗೋಡೆಯನ್ನು ಕೆಡವಿದನೆಂದು ಸಾರುವಾಗ ಈ ಗೋಡೆಯ ನೆನಪು ಹಿನ್ನೆಲೆಯಲ್ಲಿದೆಯೆಂದು ಅನೇಕ ವ್ಯಾಖ್ಯಾನಕಾರರು ಭಾವಿಸಿದ್ದಾರೆ. ಆ ಅಧ್ಯಾಯದ ವಾದದ ಕ್ರಮವನ್ನು ಗಮನಿಸಬೇಕು. ಮೊದಲು ಕೆಡವುವುದು, ಆಮೇಲೆ ಕಟ್ಟುವುದು. ಅಧ್ಯಾಯದ ಕೊನೆಯಲ್ಲಿ ಬರುವ ಹೊಸ ಆಲಯದ ಕಲ್ಲುಗಳು ಜನರೇ. ಅದು ಎಷ್ಟು ಎತ್ತರವೆಂದು ಪತ್ರಿಕೆ ಹೇಳುವುದಿಲ್ಲ. ಮೋಸ್ತಾರಿನಲ್ಲಿ ನಾವು ಕ್ರೈಸ್ತರು ಕೆಡವುವ ಕೆಲಸವನ್ನು ಬಿಟ್ಟು ಕಟ್ಟುವ ಕೆಲಸಕ್ಕೆ ಕೈಹಾಕಿದೆವು. ನಾವು ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅವರು ಕಥೋಲಿಕರು, ನಾವು ಬೇರೆ ಸಭೆಯವರು ಎಂದು ಜಾರಿಕೊಳ್ಳುವುದು ಸುಲಭ. ಆದರೆ ಆ ಶಿಲುಬೆಯನ್ನು ನೋಡುವ ಮುಸ್ಲಿಮನಿಗೆ ನಮ್ಮ ಸಭಾವಿಭಾಗಗಳ ಪರಿವೆ ಇರಬೇಕಾಗಿಲ್ಲ.

ಹಾಗಾದರೆ ಎಲ್ಲರ ಕಟ್ಟಡಗಳನ್ನೂ ಸಮಾನ ಎತ್ತರಕ್ಕೆ ಕಟ್ಟಿದರೆ ಸಾಲದೇ? ಅಬುಧಾಬಿಯಲ್ಲಿ 2023ರಲ್ಲಿ ತೆರೆದ ಅಬ್ರಹಾಮನ ಕುಟುಂಬದ ಮನೆ ಎಂಬ ಸಂಕೀರ್ಣದಲ್ಲಿ ಮಸೀದಿ, ಚರ್ಚು, ಸಿನಗಾಗ್ ಮೂರನ್ನೂ ಒಂದೇ ಅಳತೆಯ ಘನಾಕೃತಿಗಳಲ್ಲಿ ರೂಪಿಸಲಾಗಿದೆ. ನೋಡಲು ಸೊಗಸಾಗಿದೆ, ಉದ್ದೇಶವೂ ಒಳ್ಳೆಯದು. ಆದರೆ ಯಾರ ರಕ್ತವೂ ಬೀಳದ ಹೊಸ ನೆಲದ ಮೇಲೆ, ಒಬ್ಬನೇ ದೊರೆಯ ಆಶ್ರಯದಲ್ಲಿ ಅಳತೆಪಟ್ಟಿಯಿಂದ ಸಮಾನತೆಯನ್ನು ಸಾಧಿಸುವುದು ಒಂದು. ಹಳೆಯ ಲೆಕ್ಕಗಳಿರುವ ಬೀದಿಯಲ್ಲಿ ನೆರೆಯವನ ಕಿಟಕಿಯ ಬೆಳಕಿಗಾಗಿ ತನ್ನ ಗೋಪುರವನ್ನು ತಗ್ಗಿಸುವುದು ಮತ್ತೊಂದು. ಮೊದಲನೆಯದಕ್ಕೆ ಒಳ್ಳೆಯ ವಾಸ್ತುಶಿಲ್ಪಿ ಸಾಕು.

ಧಾರ್ಮಿಕ ಚಿಹ್ನೆಗಳನ್ನೇ ಅಳಿಸಿಬಿಡುವುದು ಇನ್ನೊಂದು ದಾರಿ. ಮೋಸ್ತಾರ್ ಅದನ್ನೂ ಕಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಪಾರ್ಟಿಸಾನ್ ಹೋರಾಟಗಾರರಿಗಾಗಿ ಬೊಗ್ದಾನ್ ಬೊಗ್ದಾನೊವಿಚ್ ರೂಪಿಸಿದ ಸ್ಮಾರಕ ರುದ್ರಭೂಮಿ 1965ರಲ್ಲಿ ಪಶ್ಚಿಮದ ಇಳಿಜಾರಿನಲ್ಲಿ ತೆರೆಯಿತು. ಎಲ್ಲ ಸಮುದಾಯಗಳ ಸತ್ತವರ ಹೆಸರುಗಳು, ಹೂವಿನಂತೆ ಕಡಿದ ಕಲ್ಲುಗಳ ಮೇಲೆ. ಶಿಲುಬೆಯೂ ಇಲ್ಲ, ಚಂದ್ರಕಲೆಯೂ ಇಲ್ಲ. ಸತ್ತವರ ನಗರವು ಬದುಕಿರುವವರ ನಗರವನ್ನು ಎದುರಿನಿಂದ ನೋಡುವಂತೆ ಅದರ ರಚನೆಯಿದೆ. ಸೌಂದರ್ಯದ ದೃಷ್ಟಿಯಿಂದ ಅದು ಈ ನಗರದ ಆಧುನಿಕ ನಿರ್ಮಾಣಗಳಲ್ಲಿ ಮೇಲಾದುದೆಂದೇ ನನ್ನ ಅಭಿಪ್ರಾಯ. 2022ರ ಜೂನ್‌ನಲ್ಲಿ ದುಷ್ಕರ್ಮಿಗಳು ಆ ಹೆಸರುಗಲ್ಲುಗಳಲ್ಲಿ ಬಹುತೇಕವನ್ನು ಒಡೆದುಹಾಕಿದರು. ಪ್ರಭುತ್ವವೊಂದರ ಐಕ್ಯಮಂತ್ರಕ್ಕೆ ಕಟ್ಟುಬಿದ್ದ ಸ್ಮಾರಕವು ಆ ಪ್ರಭುತ್ವ ಅಳಿದಾಗ ಅನಾಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ದೃಷ್ಟಿ ನಿಲ್ಲುವುದು ಅಷ್ಟೇನೂ ಖ್ಯಾತವಲ್ಲದ ಒಂದು ಶಾಲೆಯ ಮೇಲೆ. ಬುಲೆವಾರ್‌ನ ಬಳಿ, ಯುದ್ಧದ ಗಡಿರೇಖೆಗೆ ಅಂಟಿಕೊಂಡಂತೆ, ಹಳೆಯ ಜಿಮ್ನಾಸಿಯಂ ನಿಂತಿದೆ. ಜಿಮ್ನಾಸಿಯಂ ಎಂದರೆ ಆ ದೇಶದಲ್ಲಿ ಪ್ರೌಢಶಾಲೆ. ಆಸ್ಟ್ರಿಯಾ ಹಂಗೇರಿಯ ಆಳ್ವಿಕೆಯಲ್ಲಿ, ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ, ಕಮಾನುಗಳೂ ಪಟ್ಟೆಗೋಡೆಗಳೂ ಇರುವ ಮೂರಿಶ್ ಶೈಲಿಯಲ್ಲಿ ಕಟ್ಟಿದ್ದು. ಆ ಶೈಲಿಯೇ ಒಂದು ವಸಾಹತುಶಾಹಿ ಕಲ್ಪನೆ: ಮುಸ್ಲಿಮ್ ಪ್ರಜೆಗಳಿಗೆ ಏನು ಒಪ್ಪುತ್ತದೆಂದು ವಿಯೆನ್ನಾದ ಸರಕಾರ ಊಹಿಸಿಕೊಂಡ ವೇಷ. ಹಾಗಾಗಿ ಐಕ್ಯದ ಕಟ್ಟಡವೆಂದು ಅದನ್ನು ಯಾರೂ ಹೊಗಳಲಾರರು. ಯುದ್ಧದಲ್ಲಿ ಅದು ತೀವ್ರವಾಗಿ ಜಖಂಗೊಂಡಿತು. 2004ರಲ್ಲಿ ಅಂತರರಾಷ್ಟ್ರೀಯ ಒತ್ತಡದಿಂದ ಕ್ರೊಯೇಟ್ ಹಾಗೂ ಬೋಸ್ನಿಯಾಕ್ ವಿದ್ಯಾರ್ಥಿಗಳನ್ನು ಅಲ್ಲಿ ಒಂದೇ ಆಡಳಿತದ ಕೆಳಗೆ ತರಲಾಯಿತು. ಪಠ್ಯಕ್ರಮ ಮಾತ್ರ ಎರಡು. ತರಗತಿಗಳು ಬೇರೆ ಬೇರೆ. ಒಂದೇ ಮೆಟ್ಟಿಲು ಹತ್ತುವ ಮಕ್ಕಳು ಬೇರೆ ಕೊಠಡಿಗಳಲ್ಲಿ ಬೇರೆ ಬೇರೆ ಚರಿತ್ರೆಯನ್ನು ಓದುತ್ತಾರೆ. 2006ರಲ್ಲಿ ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಯುನೈಟೆಡ್ ವರ್ಲ್ಡ್ ಕಾಲೇಜ್ ಎಂಬ ಅಂತರರಾಷ್ಟ್ರೀಯ ವಿದ್ಯಾಲಯ ಆರಂಭವಾಗಿ, ಅಲ್ಲಿ ಎಲ್ಲರೂ ಕೂಡಿ ಓದುತ್ತಾರೆ.

ಈ ಶಾಲೆಯಲ್ಲಿದ್ದು ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಅಜ್ರಾ ಹ್ರೊಮಾಜಿಚ್ ಒಂದು ವಿಲಕ್ಷಣ ಸಂಗತಿಯನ್ನು ದಾಖಲಿಸಿದ್ದಾರೆ. ಎರಡೂ ಕಡೆಯ ವಿದ್ಯಾರ್ಥಿಗಳು ಯಾರ ಒತ್ತಾಯವೂ ಇಲ್ಲದೆ ಬೆರೆಯುತ್ತಿದ್ದ ಜಾಗ ಶಾಲೆಯ ಶೌಚಾಲಯ. ಬಿಡುವಿನ ವೇಳೆ ಕದ್ದು ಸಿಗರೇಟು ಸೇದಲು ಅಲ್ಲಿ ಕೂಡುತ್ತಿದ್ದರು. ಅಲ್ಲಿ ಮಾತು, ತಮಾಷೆ, ಹುಡುಗ ಹುಡುಗಿಯರ ಸರಸ ಎಲ್ಲವೂ ಗಡಿಯನ್ನು ದಾಟುತ್ತಿದ್ದವು. ಸೆಮಿನರಿಯ ಪತ್ರಿಕೆಯಲ್ಲಿ ಇದನ್ನು ಉಲ್ಲೇಖಿಸಬಹುದೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಸಮಾರ್ಯದ ಸ್ತ್ರೀಯೊಡನೆ ಕರ್ತನ ಸಂಭಾಷಣೆ ನಡೆದದ್ದು ಗೆರಿಜ್ಜೀಮ್ ಬೆಟ್ಟದ ಮೇಲೂ ಅಲ್ಲ, ಯೆರೂಸಲೇಮಿನಲ್ಲಿಯೂ ಅಲ್ಲ, ಬಾಯಾರಿದವರಿಬ್ಬರೂ ಬರಲೇಬೇಕಾಗಿದ್ದ ಬಾವಿಯ ಬಳಿ. ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ವಾಗ್ವಾದ ಆಮೇಲೆ ಬಂತು. ಮೊದಲು ಬಂದದ್ದು ನೀರಿನ ಮಾತು.

ಧೂಮಪಾನದ ಮೂಲೆಯನ್ನು ನಾನು ವೈಭವೀಕರಿಸುತ್ತಿಲ್ಲ. ಹ್ರೊಮಾಜಿಚ್ ಅವರೂ ವೈಭವೀಕರಿಸಿಲ್ಲ. ಗಂಟೆ ಬಾರಿಸಿದೊಡನೆ ಆ ಮಕ್ಕಳು ತಮ್ಮ ತಮ್ಮ ಕೊಠಡಿಗಳಿಗೆ ಹಿಂದಿರುಗುತ್ತಿದ್ದರು. ಆದರೂ ವಿಮರ್ಶಕನಿಗೆ ಇಲ್ಲಿ ಒಂದು ಸುಳಿವಿದೆ. ಸೇತುವೆಗೆ ಜನ ಹೋಗುವುದು ನೋಡಲು, ಗೋಪುರವನ್ನು ಕಟ್ಟಿದ್ದು ಕಾಣಲು. ಶಾಲೆಗೆ ಜನ ಹೋಗುವುದು ಅಗತ್ಯಕ್ಕಾಗಿ, ಪ್ರತಿದಿನ, ಮನಸ್ಸಿಲ್ಲದಿದ್ದರೂ. ಒಂದೇ ಮೆಟ್ಟಿಲಿನ ಮೇಲೆ ಭುಜ ತಾಗಿದಾಗ ಸಂಧಾನವಾಗಿಬಿಡುತ್ತದೆಂದಲ್ಲ, ಅದಕ್ಕೆ ಅವಕಾಶ ಉಳಿಯುತ್ತದೆ. ಗಡಿಯ ಮೇಲೆಯೇ ನಿಂತಿರುವುದು ಆ ಶಾಲೆಯ ಮೊದಲ ಗುಣ, ಅಪೂರ್ಣವಾಗಿರುವುದು ಎರಡನೆಯದು. ತನ್ನೊಳಗಿನ ಬಿರುಕನ್ನು ಅದು ಯಾರಿಂದಲೂ ಮರೆಮಾಚುವುದಿಲ್ಲ.

ಕ್ರೊಯೇಷಿಯಾದಲ್ಲಿ ಹುಟ್ಟಿದ ದೇವಶಾಸ್ತ್ರಜ್ಞ ಮಿರೊಸ್ಲಾವ್ ವೊಲ್ಫ್ ಅವರು ಈ ಯುದ್ಧಗಳ ನಡುವೆಯೇ ಆಲೋಚಿಸಿ 1996ರಲ್ಲಿ ಪ್ರಕಟಿಸಿದ ‘ಎಕ್ಸ್‌ಕ್ಲೂಷನ್ ಅಂಡ್ ಎಂಬ್ರೇಸ್’ ಗ್ರಂಥ ನಮ್ಮ ತರಗತಿಗಳಿಗೆ ಅಪರಿಚಿತವಲ್ಲ. ತನ್ನ ಜನರನ್ನು ಕೊಂದ ಸರ್ಬ್ ಯೋಧನನ್ನು ಅಪ್ಪಿಕೊಳ್ಳಬಲ್ಲೆಯಾ ಎಂದು ಯೂರ್ಗೆನ್ ಮೋಲ್ಟ್‌ಮನ್ ಕೇಳಿದಾಗ, ಆಗದು, ಆದರೆ ಕ್ರಿಸ್ತನ ಹಿಂಬಾಲಕನಾಗಿ ಆಗಬೇಕು ಎಂದು ಅವರು ತಡವರಿಸಿದ ಪ್ರಸಂಗದಿಂದಲೇ ಆ ಪುಸ್ತಕ ಹೊರಡುತ್ತದೆ. ಅಪ್ಪುಗೆಯಲ್ಲಿ ಅವರು ನಾಲ್ಕು ಹಂತಗಳನ್ನು ಕಾಣುತ್ತಾರೆ: ತೋಳು ತೆರೆಯುವುದು, ಕಾಯುವುದು, ಅಪ್ಪಿಕೊಳ್ಳುವುದು, ಮತ್ತೆ ತೋಳು ಸಡಿಲಿಸುವುದು. ಎರಡನೆಯ ಹಂತವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಸೇತುವೆಯು ಕಾಯುವುದಿಲ್ಲ, ಅದು ಈಗಾಗಲೇ ಆಚೆಯ ದಡವನ್ನು ಹಿಡಿದುಕೊಂಡುಬಿಟ್ಟಿದೆ. ಗೋಪುರವು ತೋಳನ್ನೇ ತೆರೆಯುವುದಿಲ್ಲ. ಕಾಯುವ ಕಟ್ಟಡ ಹೇಗಿರುತ್ತದೆ? ಬಹುಶಃ ಬೀದಿಯ ಮಟ್ಟದಲ್ಲಿರುವ ಒಂದು ಜಗಲಿ, ನೆರಳು, ನೀರು, ಕೂರಲು ಕಟ್ಟೆ, ಬೀಗ ಹಾಕದ ಒಂದು ಬಾಗಿಲು. ಉದ್ಘಾಟನೆಯ ದಿನ ಅದರ ಚಿತ್ರ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಇದನ್ನು ಓದುವ ಸಭಾಪಾಲಕರಲ್ಲಿ ಹಲವರು ಇಂದಲ್ಲ ನಾಳೆ ಕಟ್ಟಡ ಸಮಿತಿಯ ಮೇಜಿನ ಮುಂದೆ ಕೂರುವವರು. ನಮ್ಮ ಊರುಗಳಲ್ಲಿ ನಾವು ಅಲ್ಪಸಂಖ್ಯಾತರು, ನಮ್ಮ ಗೋಪುರ ಯಾರನ್ನೂ ಹೆದರಿಸದು ಎಂಬ ಮಾತು ಅಲ್ಲಿ ಬಂದೇ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ; ಬೆಟ್ಟದ ಮೇಲಿನ ಬಲಾಢ್ಯನ ಶಿಲುಬೆಯೂ ಸಂದಿಯಲ್ಲಿರುವ ಬಡ ಸಭೆಯ ಶಿಲುಬೆಯೂ ಒಂದೇ ಅಲ್ಲ. ಆದರೆ ಮೋಸ್ತಾರಿನ ಫ್ರಾನ್ಸಿಸ್ಕನರೂ ಶತಮಾನಗಳ ಕಾಲ ಒಟ್ಟೊಮನ್ ಆಳ್ವಿಕೆಯ ಕೆಳಗೆ ಸಣ್ಣ ಜನವಾಗಿಯೇ ಇದ್ದವರು. ಎತ್ತರದ ಆಸೆ ಹುಟ್ಟುವುದು ಹಲವು ಸಲ ಹಳೆಯ ತಗ್ಗಿನ ನೆನಪಿನಿಂದ.

ಆ ಗಂಟೆಗೋಪುರಕ್ಕೆ ಈಗ ಶಾಂತಿಯ ಗಂಟೆಗೋಪುರವೆಂಬ ಹೆಸರು ಬಂದಿದೆ. ಪ್ರವಾಸಿಗಳು ಮೇಲೇರಿ ಇಡೀ ನಗರವನ್ನು ನೋಡಬಹುದು. ಹೆಸರು ಬದಲಿಸಿದವರ ಸದಿಚ್ಛೆಯನ್ನು ನಾನು ಸಂದೇಹಿಸುವುದಿಲ್ಲ. ಎಬ್ಬಿಸಿದ್ದನ್ನು ಇಳಿಸಲಾಗದಾಗ ಅದರ ಬಾಗಿಲನ್ನಾದರೂ ತೆರೆದದ್ದು ಒಂದು ಹೆಜ್ಜೆ. ಅಷ್ಟು ಎತ್ತರದಿಂದ ಮಿನಾರುಗಳು, ನದಿ, ಹಳೆಯ ಸೇತುವೆ, ಶಾಲೆಯ ಪಟ್ಟೆಗೋಡೆ ಎಲ್ಲವೂ ಒಂದೇ ನೋಟದಲ್ಲಿ ಸೇರಿಕೊಳ್ಳುತ್ತಿರಬೇಕು. ಕೆಳಗಿನ ಬುಲೆವಾರ್ ಮಾತ್ರ ಅಲ್ಲಿಂದ ಇತರ ರಸ್ತೆಗಳಂತೆ ಒಂದು ರಸ್ತೆಯಾಗಿ ಕಾಣುತ್ತಿರಬೇಕು.